ಒಂದೇ ಮನೆ, ಎರಡು ಕಂಪ್ಯೂಟರ್: ಫೈಲ್ ದಾಟಿಸಲು ಯಾವ ದಾರಿ ಹಿಡಿಯೋದು?

ನಮ್ಮದು ಬೆಂಗಳೂರಿನ ಹನುಮಂತನಗರದಲ್ಲಿ ಹಳೇ ಮನೆ. ಕೆಳಗೆ ಹಾಲ್‌ನಲ್ಲಿ ಅಪ್ಪನ ಡೆಸ್ಕ್‌ಟಾಪ್, ಮಹಡಿ ರೂಮಿನಲ್ಲಿ ನನ್ನ ಲ್ಯಾಪ್‌ಟಾಪ್. ನಡುವೆ ಹದಿನೆಂಟು ಮೆಟ್ಟಿಲು. ತಂಗಿ ಮದುವೆಯ ಫೋಟೋ, ವಿಡಿಯೋ ಎಲ್ಲ ಸೇರಿ 60 ಜಿಬಿ ನನ್ನ ಹತ್ತಿರ ಇತ್ತು. ಅಪ್ಪನಿಗೆ ಅದು ಕೆಳಗಿನ ದೊಡ್ಡ ಸ್ಕ್ರೀನಿನಲ್ಲಿ ಬೇಕು. 32 ಜಿಬಿಯ ಪೆನ್‌ಡ್ರೈವ್ ಹಿಡಿದು ಮೇಲೆ ಬಂದರು. ಧಾರೆಯ ವಿಡಿಯೋ ಒಂದೇ 7 ಜಿಬಿ. ಪೆನ್‌ಡ್ರೈವ್ ಪೂರ್ತಿ ಖಾಲಿ. ಆದರೂ ಫೈಲ್ ತುಂಬಾ ದೊಡ್ಡದು ಅಂತ ವಿಂಡೋಸ್ ಹಟ ಹಿಡಿಯಿತು.

"ಜಾಗ ಇದೆಯಲ್ಲೋ, ಹಾಕಿಕೊಳ್ಳೋಕೆ ಏನು ಧಾಡಿ ಅದಕ್ಕೆ?" ಅಂದರು ಅಪ್ಪ.

ಅವತ್ತು ಶುರುವಾದ ಪ್ರಯೋಗ ಎರಡು ತಿಂಗಳು ನಡೆಯಿತು. ಪೆನ್‌ಡ್ರೈವ್, ವಾಟ್ಸಾಪ್, ಕೇಬಲ್, ವಿಂಡೋಸ್‌ನ ಹಂಚಿಕೆ ಫೋಲ್ಡರ್, ಸಿಂಕ್ ಮಾಡುವ ಸಾಫ್ಟ್‌ವೇರ್, ಒಂದೂ ಬಿಡಲಿಲ್ಲ. ಈಗ ನೆಂಟರು, ಅಕ್ಕಪಕ್ಕದವರು ಯಾರಾದರೂ ಕೇಳಿದರೆ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ನಿಮಗೆ ಬೇಕಿರೋದು ಯಾವ ಥರದ ಶೇರಿಂಗ್?

ಯಾಕೆಂದರೆ ನಾವು ಎಲ್ಲದಕ್ಕೂ "ಶೇರ್ ಮಾಡು" ಅಂದುಬಿಡುತ್ತೇವೆ, ಅದರೊಳಗೆ ಮೂರು ಬೇರೆ ಬೇರೆ ಕೆಲಸ ಸೇರಿಕೊಂಡಿವೆ. ಒಂದು, ಫೈಲನ್ನು ಇಲ್ಲಿಂದ ಅಲ್ಲಿಗೆ ಒಂದು ಸಲ ದಾಟಿಸೋದು. ಮದುವೆ ವಿಡಿಯೋ ಆ ಥರದ್ದು. ಎರಡು, ಫೈಲ್ ಒಂದೇ ಕಡೆ ಇರುತ್ತದೆ, ಇಬ್ಬರೂ ಅದನ್ನೇ ತೆರೆಯುತ್ತಾರೆ. ಮನೆ ಖರ್ಚಿನ ಎಕ್ಸೆಲ್, ಸ್ಕ್ಯಾನ್ ಮಾಡಿಟ್ಟ ಖಾತಾ, ಕಂದಾಯದ ರಸೀದಿ ಇಂಥವು. ಮೂರು, ಎರಡೂ ಕಂಪ್ಯೂಟರಿನಲ್ಲಿ ಒಂದೊಂದು ಪ್ರತಿ ಇರಬೇಕು, ಒಂದು ಕಡೆ ಬದಲಾದರೆ ಇನ್ನೊಂದು ಕಡೆಯೂ ತಾನಾಗಿ ಬದಲಾಗಬೇಕು. ಒಂದು ಕೆಲಸಕ್ಕೆ ಹೇಳಿ ಮಾಡಿಸಿದಂತಿರುವ ದಾರಿ ಇನ್ನೊಂದಕ್ಕೆ ತಲೆನೋವು. ನನ್ನ ಎರಡು ತಿಂಗಳು ಹಾಳಾಗಿದ್ದು ಮೂರನ್ನೂ ಒಂದೇ ಸಾಫ್ಟ್‌ವೇರ್‌ನಲ್ಲಿ ಮುಗಿಸಲು ಹೋಗಿದ್ದಕ್ಕೆ.

ಮೊದಲು ರಸ್ತೆ, ಆಮೇಲೆ ಗಾಡಿ

ಸಾಫ್ಟ್‌ವೇರ್ ಆರಿಸೋ ಮುಂಚೆ ಎರಡು ಕಂಪ್ಯೂಟರ್ ನಡುವಿನ ರಸ್ತೆ ಹೇಗಿದೆ ನೋಡಿಕೊಳ್ಳಿ. ಇದನ್ನು ಜಾಸ್ತಿ ಜನ ನೋಡೋದೇ ಇಲ್ಲ.

ಇಂಟರ್ನೆಟ್ ಕಂಪನಿಯವರು ಹೇಳುವ "100" ಮೆಗಾಬಿಟ್ ಲೆಕ್ಕ. ಫೈಲಿನ ಅಳತೆ ಬೈಟ್‌ನಲ್ಲಿ. ಎಂಟರಿಂದ ಭಾಗಿಸಬೇಕು. 100 ಮೆಗಾಬಿಟ್ ಕೇಬಲ್ ಎಂದರೆ ಸೆಕೆಂಡಿಗೆ 12.5 ಎಂಬಿ. ಅಲ್ಲಿ ಇಲ್ಲಿ ಸೋರಿ ಕೈಗೆ ಸಿಗೋದು 11 ಎಂಬಿ. ಗಿಗಾಬಿಟ್ ಕೇಬಲ್‌ನಲ್ಲಿ ಸುಮಾರು 110. ಅಂದರೆ ಅದೇ 60 ಜಿಬಿ ಒಂದರಲ್ಲಿ ಒಂದೂವರೆ ಗಂಟೆ, ಇನ್ನೊಂದರಲ್ಲಿ ಹತ್ತು ನಿಮಿಷದ ಆಸುಪಾಸು. ಕಂಪ್ಯೂಟರಿನಲ್ಲಿ ಹಳೇ ಕಾಲದ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಇನ್ನೂ ಸ್ವಲ್ಪ ತಡ.

ವೈಫೈ ಕಥೆ ಬೇರೆ. ಎರಡೂ ಕಂಪ್ಯೂಟರ್ ಒಂದೇ ವೈಫೈನಲ್ಲಿದ್ದರೆ ಪ್ರತಿಯೊಂದು ತುಣುಕೂ ಎರಡು ಸಲ ಗಾಳಿಯಲ್ಲಿ ಹೋಗಬೇಕು: ಲ್ಯಾಪ್‌ಟಾಪಿನಿಂದ ರೂಟರಿಗೆ, ರೂಟರಿನಿಂದ ಡೆಸ್ಕ್‌ಟಾಪಿಗೆ. ವೇಗ ಅಲ್ಲೇ ಅರ್ಧಕ್ಕೆ ಇಳಿಯುತ್ತದೆ. ಮೇಲಾಗಿ ವೈಫೈನ 2.4 ಗಿಗಾಹರ್ಟ್ಸ್ ತರಂಗದಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರೋದೇ ಮೂರು: 1, 6, 11. ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನಲ್ಲಿ ಬೇಕಾದರೂ ವೈಫೈ ಪಟ್ಟಿ ತೆರೆದು ನೋಡಿ, ಹದಿನೈದು ಇಪ್ಪತ್ತು ಹೆಸರು ಕಾಣುತ್ತವೆ. ಎಲ್ಲರೂ ಆ ಮೂರರಲ್ಲೇ ಕಿತ್ತಾಡಬೇಕು. ನಮ್ಮ ಮನೆಯ ದಪ್ಪ ಗೋಡೆ ದಾಟಿ 2.4ರಲ್ಲಿ ನನಗೆ ಸಿಗುತ್ತಿದ್ದದ್ದು ಸೆಕೆಂಡಿಗೆ ನಾಲ್ಕೈದು ಎಂಬಿ. ರೂಟರ್ 5 ಗಿಗಾಹರ್ಟ್ಸ್ ಕೊಡುತ್ತಿದ್ದರೆ ಎರಡನ್ನೂ ಅದಕ್ಕೇ ಸೇರಿಸಿ. ಆದರೆ 5 ಗಿಗಾಹರ್ಟ್ಸ್ ಗೋಡೆ ದಾಟೋದರಲ್ಲಿ ಇನ್ನೂ ಸೋಮಾರಿ. ಒಂದನ್ನಾದರೂ ಕೇಬಲ್‌ನಲ್ಲಿ ರೂಟರಿಗೆ ಸೇರಿಸಿದರೆ ಗಾಳಿಯ ಪ್ರಯಾಣ ಒಂದು ಸಲಕ್ಕೆ ಮುಗಿಯುತ್ತದೆ.

ಕೇಬಲ್ ಅಂದೆ, ಅದರದ್ದೂ ಒಂದು ಕಥೆ ಇದೆ. ಪೇಂಟಿಂಗ್ ಮಾಡಿಸುವಾಗ ಮೆಟ್ಟಿಲ ಪಕ್ಕದ ಪೈಪಿನಲ್ಲಿ ಲ್ಯಾನ್ ಕೇಬಲ್ ಎಳೆಸಿದ್ದೆವು. ರೂಟರ್ ಗಿಗಾಬಿಟ್, ಎರಡೂ ಕಂಪ್ಯೂಟರ್ ಗಿಗಾಬಿಟ್, ಕೇಬಲ್ ಕೂಡ ಕ್ಯಾಟ್ 6. ಆದರೂ ಕಾಪಿ 11 ಎಂಬಿ ಮೇಲೆ ಏರಲೊಲ್ಲದು. ನಾನು ವಿಂಡೋಸ್ ಮೇಲೆ, ಆಂಟಿವೈರಸ್ ಮೇಲೆ, ಕೊನೆಗೆ ಅಪ್ಪನ ಹಳೇ ಹಾರ್ಡ್ ಡಿಸ್ಕ್ ಮೇಲೆ ಅನುಮಾನ ಪಟ್ಟೆ. ಒಂದು ಸಂಜೆ ಸುಮ್ನೆ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೆ ನಾಲ್ಕೇ ತಂತಿ! ಎಳೆದವನು ಉಳಿದ ನಾಲ್ಕನ್ನು ನೀಟಾಗಿ ಕತ್ತರಿಸಿ ಬಿಟ್ಟಿದ್ದ. ನಾಲ್ಕು ತಂತಿಯಲ್ಲಿ 100 ಮೆಗಾಬಿಟ್ ಓಡುತ್ತದೆ, ಇಂಟರ್ನೆಟ್ ಬರುತ್ತದೆ, ಯಾರಿಗೂ ಗೊತ್ತಾಗೋದಿಲ್ಲ. ಗಿಗಾಬಿಟ್‌ಗೆ ಎಂಟೂ ಬೇಕು. ಶನಿವಾರ ಎಸ್‌.ಪಿ. ರೋಡಿಗೆ ಹೋಗಿ ಒಂದು ಪೊಟ್ಟಣ ಕನೆಕ್ಟರ್, ತಂತಿಗೆ ಅದನ್ನು ಒತ್ತಿ ಕೂರಿಸುವ ಒಂದು ಕ್ರಿಂಪಿಂಗ್ ಟೂಲ್ ತಂದೆ. ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಎರಡೂ ತುದಿಯಲ್ಲಿ ಇದೇ ಸಾಲು. ಮೂರು ಕನೆಕ್ಟರ್ ಹಾಳು ಮಾಡಿ ನಾಲ್ಕನೆಯದು ಸರಿಯಾಗಿ ಕೂತಿತು. ಕಾಪಿ ಬಾರ್ 108ಕ್ಕೆ ನೆಗೆದಾಗ ಅಪ್ಪನನ್ನೂ ಕರೆದು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಇಷ್ಟಕ್ಕೆ ಎರಡು ತಿಂಗಳಾ?" ಅಂದರು.

ಆದ್ದರಿಂದ ನಿಮ್ಮ ವೇಗವೂ 11ರಲ್ಲೇ ನಿಂತಿದ್ದರೆ ಸಾಫ್ಟ್‌ವೇರ್ ಬಿಟ್ಟು ಮೊದಲು ಕೇಬಲ್, ರೂಟರಿನ ಪೋರ್ಟ್, ಲ್ಯಾಪ್‌ಟಾಪಿಗೆ ಹಾಕಿದ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ನೋಡಿ. ಅಗ್ಗದ ಅಡಾಪ್ಟರ್‌ಗಳಲ್ಲಿ 100 ಮೆಗಾಬಿಟ್‌ನವು ಬೇಕಾದಷ್ಟಿವೆ. ಡಬ್ಬಿ ಮೇಲೆ ಗಿಗಾಬಿಟ್, ಯುಎಸ್‌ಬಿ 3.0 ಎಂದು ಇರೋದನ್ನೇ ಕೇಳಿ ತೆಗೆದುಕೊಳ್ಳಿ.

ರೂಟರೇ ಬೇಡ ಅಂದರೂ ನಡೆಯುತ್ತದೆ. ಎರಡು ಕಂಪ್ಯೂಟರಿಗೆ ನೇರವಾಗಿ ಒಂದೇ ಕೇಬಲ್ ಚುಚ್ಚಿದರೆ ಸ್ವಲ್ಪ ಹೊತ್ತಿಗೆ ಎರಡೂ ತಾವಾಗಿ 169.254ರಿಂದ ಶುರುವಾಗುವ ಅಡ್ರೆಸ್ (ನೆಟ್‌ವರ್ಕಿನಲ್ಲಿ ಕಂಪ್ಯೂಟರನ್ನು ಗುರುತಿಸುವ ಅಂಕಿ) ಹಾಕಿಕೊಳ್ಳುತ್ತವೆ. ಹಿಂದೆಲ್ಲ ಇದಕ್ಕೆ ಕ್ರಾಸ್ ಕೇಬಲ್ ಅಂತ ಬೇರೆಯೇ ಬೇಕಿತ್ತು. ಈಗಿನ ಗಿಗಾಬಿಟ್ ಪೋರ್ಟುಗಳಿಗೆ ಮಾಮೂಲಿ ಕೇಬಲ್ ಸಾಕು.

ಪೆನ್‌ಡ್ರೈವ್ ಮತ್ತು ಇಂಟರ್ನೆಟ್: ಇವೆರಡನ್ನು ಬೇಗ ಮುಗಿಸೋಣ

ಅಪ್ಪನ ಪ್ರಶ್ನೆಗೆ ಉತ್ತರ: ಆ ಪೆನ್‌ಡ್ರೈವ್ ಫ್ಯಾಟ್ 32 ಫಾರ್ಮ್ಯಾಟಿನಲ್ಲಿತ್ತು. ಅದರಲ್ಲಿ ಎಷ್ಟೇ ಜಾಗ ಇರಲಿ, ಒಂದೊಂದು ಫೈಲ್ 4 ಜಿಬಿ ದಾಟುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ತೊಂದರೆ ಹೋಗುತ್ತದೆ. ಒಳಗಿರೋದೆಲ್ಲ ಅಳಿಸಿಹೋಗುತ್ತದೆ, ಮೊದಲು ಬೇರೆ ಕಡೆ ತೆಗೆದಿಡಿ. ವಿಂಡೋಸ್, ಮ್ಯಾಕ್ ಎರಡೂ ಎಕ್ಸ್‌ಫ್ಯಾಟ್ ಓದುತ್ತವೆ, ಬರೆಯುತ್ತವೆ.

ಪೆನ್‌ಡ್ರೈವ್ ಬಗ್ಗೆ ನನಗೆ ತಾತ್ಸಾರ ಇಲ್ಲ. ವರ್ಷಕ್ಕೆರಡು ಸಲ ಎರಡು ಜಿಬಿ ದಾಟಿಸುವವರು ಈ ಬರಹ ಇಲ್ಲಿಗೇ ನಿಲ್ಲಿಸಿ ಒಂದು ಪೆನ್‌ಡ್ರೈವ್ ಕೊಂಡುಬಿಡಿ. ತೊಂದರೆ ಏನೆಂದರೆ ಎರಡು ಸಲ ಕಾಪಿ ಮಾಡಬೇಕು, ಮತ್ತೆ ಅಗ್ಗದ ಪೆನ್‌ಡ್ರೈವ್ ಬರೆಯುವಾಗ ಆಮೆ. ಇನ್ನೊಂದು, ಜೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವ್ ಅದೇ ಆಗಿದ್ದರೆ ವೈರಸ್ಸನ್ನೂ ಉಚಿತವಾಗಿ ತರುತ್ತದೆ.

ಇನ್ನು ಇಂಟರ್ನೆಟ್ ದಾರಿ. ಪಕ್ಕದ ರೂಮಿಗೆ ಹೋಗಬೇಕಾದ ಫೈಲ್ ಎಲ್ಲಿಯದೋ ಸರ್ವರಿಗೆ ಹೋಗಿ ವಾಪಸ್ ಬರುತ್ತದೆ. 100 ಮೆಗಾಬಿಟ್ ಪ್ಲಾನ್ ಇದ್ದು, ಅಪ್‌ಲೋಡಿಗೂ ಅಷ್ಟೇ ವೇಗ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. 60 ಜಿಬಿ ಮೇಲೆ ಹೋಗಲು 80 ನಿಮಿಷ, ಇಳಿಯಲು ಇನ್ನೊಂದು 80. ಗೂಗಲ್ ಡ್ರೈವ್ ಪುಕ್ಕಟೆ ಕೊಡೋದು 15 ಜಿಬಿ, ಅದರಲ್ಲೇ ಜಿಮೇಲ್ ಮತ್ತು ಫೋಟೋಗಳಿಗೂ ಪಾಲು. ವಾಟ್ಸಾಪಿನಲ್ಲಿ ಒಂದು ಫೈಲಿಗೆ 2 ಜಿಬಿ ಮಿತಿ. ಫೋಟೋವನ್ನು ಫೋಟೋ ಅಂತಲೇ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ಆಧಾರ್ ಪಿಡಿಎಫ್ ಒಂದನ್ನು ಕೆಳಗೆ ಕಳಿಸೋದಕ್ಕೆ ನಾನೂ ವಾಟ್ಸಾಪೇ ಬಳಸೋದು. ಅದಕ್ಕಿಂತ ದೊಡ್ಡದಕ್ಕೆ ಬೇಡ.

ಒಂದು ಸಲದ ಕೆಲಸಕ್ಕೆ: ಲೋಕಲ್‌ಸೆಂಡ್

ಮೊದಲ ಥರದ ಕೆಲಸಕ್ಕೆ, ಅಂದರೆ ಎತ್ತಿ ಆ ಕಡೆ ಹಾಕೋದಕ್ಕೆ, ನನ್ನ ಓಟು ಲೋಕಲ್‌ಸೆಂಡ್‌ಗೆ. ಉಚಿತ, ಓಪನ್ ಸೋರ್ಸ್. ಅಕೌಂಟ್ ಬೇಡ, ಇಂಟರ್ನೆಟ್ಟೂ ಬೇಡ. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್, ಐಫೋನ್ ಎಲ್ಲದರಲ್ಲೂ ಇದೆ. ಎರಡೂ ಕಡೆ ಹಾಕಿ ತೆರೆದರೆ ಒಂದಕ್ಕೊಂದು ಕಾಣುತ್ತವೆ. ಫೈಲ್ ಆರಿಸಿ, ಹೆಸರು ಒತ್ತಿ, ಆ ಕಡೆ ಒಪ್ಪಿಕೊಂಡರೆ ಆಯಿತು. ಪ್ರತಿ ಯಂತ್ರಕ್ಕೂ ಅದೇ ಯಾವುದೋ ಹಣ್ಣಿನ ತಮಾಷೆ ಹೆಸರು ಇಟ್ಟುಬಿಡುತ್ತದೆ. ಅಪ್ಪನ ಕಂಪ್ಯೂಟರಿಗೆ ಬಾಳೆಹಣ್ಣು ಬಂದಿತ್ತು. ಸೆಟ್ಟಿಂಗ್‌ನಲ್ಲಿ ಬದಲಾಯಿಸಬಹುದು. ಅವರು ಬೇಡ ಅಂದರು.

ಕರೆಂಟ್ ಹೋದಾಗ ಇದರ ಬೆಲೆ ಗೊತ್ತಾಗುತ್ತದೆ. ಬೀದಿಯ ಇಂಟರ್ನೆಟ್ ಸತ್ತರೂ ಮನೆಯ ರೂಟರ್ ಚಿಕ್ಕ ಯುಪಿಎಸ್ ಮೇಲಿದ್ದರೆ ಲ್ಯಾಪ್‌ಟಾಪಿನಿಂದ ಲ್ಯಾಪ್‌ಟಾಪಿಗೆ ಫೈಲ್ ಹೋಗುತ್ತಲೇ ಇರುತ್ತದೆ. ಮನೆಯೊಳಗಿನ ನೆಟ್‌ವರ್ಕ್ ಬೇರೆ, ಹೊರಗಿನ ಇಂಟರ್ನೆಟ್ ಬೇರೆ ಅಂತ ಅಮ್ಮನಿಗೆ ಅರ್ಥ ಮಾಡಿಸಿದ್ದು ಹಾಗೆಯೇ.

ಇದರ ಕೊರತೆ: ಇಬ್ಬರೂ ಆ ಹೊತ್ತಿಗೆ ಆಪ್ ತೆರೆದಿರಬೇಕು, ಮತ್ತೆ ದೊಡ್ಡ ಫೈಲ್ ಮುಕ್ಕಾಲು ದಾರಿಯಲ್ಲಿ ಕಡಿದುಹೋದರೆ ಅದನ್ನು ಮತ್ತೆ ಮೊದಲಿಂದ ಕಳಿಸಬೇಕು. ಎರಡೂ ಆಪಲ್ ಆಗಿದ್ದರೆ ಏರ್‌ಡ್ರಾಪ್ ಇದ್ದೇ ಇದೆ, ಏನೂ ಹಾಕಬೇಕಿಲ್ಲ. ಎರಡೂ ವಿಂಡೋಸ್ ಆಗಿದ್ದರೆ ಒಳಗೇ ಇರುವ ನಿಯರ್‌ಬೈ ಶೇರಿಂಗ್ ಪ್ರಯತ್ನಿಸಬಹುದು. ನನಗೆ ಅದು ಬೇಕೆಂದಾಗ ಕಾಣದೆ, ಬೇಡದಾಗ ಕಾಣುವ ನೆಂಟ.

ಒಂದಕ್ಕೊಂದು ಕಾಣಲೇ ಇಲ್ಲ ಅಂದರೆ? ನಮ್ಮ ಊರಿನ ಮನೆಗಳಲ್ಲಿ ಇದಕ್ಕೆ ಒಂದು ಕಾರಣ ಪದೇ ಪದೇ ಸಿಗುತ್ತದೆ. ಫೈಬರ್ ಹಾಕಿದವರು ಒಂದು ಡಬ್ಬಿ ಕೊಟ್ಟಿರುತ್ತಾರೆ, ಅದರಲ್ಲೇ ವೈಫೈ ಇರುತ್ತದೆ. ಸಿಗ್ನಲ್ ಸಾಲದು ಅಂತ ನಾವು ಇನ್ನೊಂದು ರೂಟರ್ ತಂದು ಅದಕ್ಕೆ ಚುಚ್ಚಿರುತ್ತೇವೆ. ಈಗ ಮನೆಯಲ್ಲಿ ಎರಡು ನೆಟ್‌ವರ್ಕ್. ಒಂದು ಕಂಪ್ಯೂಟರಿನ ಅಡ್ರೆಸ್ 192.168.1 ಅಂತ ಶುರುವಾದರೆ ಇನ್ನೊಂದರದ್ದು 192.168.0 ಅಂತ. ಎರಡರಲ್ಲೂ ಇಂಟರ್ನೆಟ್ ಬರುತ್ತದೆ, ಆದರೆ ಒಂದರ ಮುಖ ಇನ್ನೊಂದಕ್ಕೆ ಕಾಣದು. ಎರಡನ್ನೂ ಒಂದೇ ವೈಫೈಗೆ ಸೇರಿಸಿ, ಅಥವಾ ನೀವು ತಂದ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ, ಆಗ ಅದು ಬೇರೆ ನೆಟ್‌ವರ್ಕ್ ಮಾಡದೆ ಬರೀ ವೈಫೈ ಹರಡುತ್ತದೆ. ಇನ್ನೊಂದು ಕಾರಣ ಗೆಸ್ಟ್ ವೈಫೈ. ಅದು ಇರೋದೇ ಒಬ್ಬರಿಗೊಬ್ಬರು ಕಾಣದ ಹಾಗೆ ಇಡೋದಕ್ಕೆ.

ದಿನಾ ತೆರೆಯುವ ಫೈಲಿಗೆ: ವಿಂಡೋಸ್‌ನ ಹಂಚಿಕೆ ಫೋಲ್ಡರ್

ಎರಡನೇ ಥರದ ಕೆಲಸಕ್ಕೆ ಇದೇ ಸರಿ. ಫೈಲ್ ಅಪ್ಪನ ಡೆಸ್ಕ್‌ಟಾಪಿನಲ್ಲೇ ಇರುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಇನ್ನೊಂದು ಡ್ರೈವ್ ಇದ್ದ ಹಾಗೆ ಕಾಣುತ್ತದೆ. ಅಲ್ಲೇ ತೆರೆದು, ಅಲ್ಲೇ ಸೇವ್ ಮಾಡುತ್ತೇನೆ. ಒಬ್ಬರು ಎಕ್ಸೆಲ್ ಫೈಲ್ ತೆರೆದಿದ್ದಾಗ ಇನ್ನೊಬ್ಬರಿಗೆ, ಇದು ಬೇರೆಯವರ ಕೈಯಲ್ಲಿದೆ, ಬೇಕಾದರೆ ಓದಿಕೊಳ್ಳಿ ಅಂತ ಹೇಳುತ್ತದೆ. ಈ ಬೀಗ ಬೇರೆ ಯಾವ ದಾರಿಯಲ್ಲೂ ಇಷ್ಟು ಸಲೀಸಾಗಿ ಸಿಗೋದಿಲ್ಲ.

ಹಿಂದೆ ಇದನ್ನು ಸುಲಭ ಮಾಡಲು ಹೋಮ್‌ಗ್ರೂಪ್ ಅಂತ ಒಂದಿತ್ತು. 2018ರ ವಿಂಡೋಸ್ 10 ಅಪ್‌ಡೇಟಿನಲ್ಲಿ ತೆಗೆದುಹಾಕಿದರು. ಹಳೇ ವಿಡಿಯೋ ನೋಡಿಕೊಂಡು ಅದನ್ನು ಹುಡುಕುತ್ತಾ ಕೂರಬೇಡಿ.

ಈಗಿನ ವಿಧಾನ ಹೀಗೆ. ಎರಡೂ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ತೆರೆದು ಮನೆಯ ವೈಫೈಯನ್ನು "ಪ್ರೈವೇಟ್" ಎಂದು ಬದಲಿಸಿ. "ಪಬ್ಲಿಕ್" ಎಂದಿದ್ದರೆ ವಿಂಡೋಸ್ ಅದನ್ನು ಹೋಟೆಲ್ ವೈಫೈ ಅಂದುಕೊಂಡು ಬಾಗಿಲು ಹಾಕಿಕೊಳ್ಳುತ್ತದೆ. ಆಮೇಲೆ ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್‌ನಲ್ಲಿ ಫೈಲ್ ಆಂಡ್ ಪ್ರಿಂಟರ್ ಶೇರಿಂಗ್ ಆನ್ ಮಾಡಿ. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್. ಅಲ್ಲಿ ಎರಡು ಬಟನ್ ಇವೆ: "ಶೇರ್" ಮತ್ತು "ಅಡ್ವಾನ್ಸ್ಡ್ ಶೇರಿಂಗ್". ಮೊದಲನೆಯದನ್ನೇ ಒತ್ತಿ. ಫೋಲ್ಡರಿಗೆ ಎರಡು ಕಾವಲು ಇರುತ್ತವೆ, ನೆಟ್‌ವರ್ಕಿನಿಂದ ಬರುವವರಿಗೆ ಒಂದು, ಡಿಸ್ಕಿನ ಮೇಲೆ ಇನ್ನೊಂದು. "ಶೇರ್" ಬಟನ್ ಎರಡನ್ನೂ ಒಟ್ಟಿಗೆ ಸರಿ ಮಾಡುತ್ತದೆ. ಇನ್ನೊಂದರಲ್ಲಿ ಹೊರಗಿನ ಕಾವಲು ಬಿಟ್ಟರೂ ಒಳಗಿನದು ತಡೆಯುತ್ತದೆ. ಫೋಲ್ಡರ್ ಕಾಣುತ್ತದೆ ಆದರೆ ತೆರೆಯೋದಿಲ್ಲ ಅನ್ನುವ ಗೋಳು ಜಾಸ್ತಿ ಹುಟ್ಟೋದು ಇಲ್ಲೇ.

ಈಗ ಎಲ್ಲರೂ ಎಡವುವ ಜಾಗ. ಲ್ಯಾಪ್‌ಟಾಪಿನಿಂದ ತೆರೆಯಲು ಹೋದರೆ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತದೆ. ಅಪ್ಪ ದಿನಾ ಒತ್ತೋದು ನಾಲ್ಕಂಕಿ ಪಿನ್. ಅದನ್ನೇ ನಾನು ಹನ್ನೆರಡು ಸಲ ಒತ್ತಿದೆ. ಪಿನ್ ಆ ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕಿನಲ್ಲಿ ನಡೆಯೋದಿಲ್ಲ. ಪಾಸ್‌ವರ್ಡೇ ಬೇಕು. ಅಪ್ಪನ ಮೈಕ್ರೋಸಾಫ್ಟ್ ಅಕೌಂಟಿನ ಪಾಸ್‌ವರ್ಡ್ ಏನಂತ ಅಪ್ಪನಿಗೇ ನೆನಪಿಲ್ಲ.

ಇದಕ್ಕೆ ಚೊಕ್ಕ ಪರಿಹಾರ: ಡೆಸ್ಕ್‌ಟಾಪಿನಲ್ಲಿ ಹಂಚಿಕೆಗೆ ಅಂತಲೇ ಒಂದು ಬೇರೆ ಲೋಕಲ್ ಯೂಸರ್ ಮಾಡಿ. ಅಕೌಂಟ್ಸ್‌ನಲ್ಲಿ ಅದರ್ ಯೂಸರ್ಸ್‌ಗೆ ಹೋಗಿ, ಅವರ ಸೈನ್ ಇನ್ ವಿವರ ನನ್ನ ಹತ್ತಿರ ಇಲ್ಲ ಎಂಬುದನ್ನು ಒತ್ತಿ, ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದ ಯೂಸರ್ ಅನ್ನು ಆರಿಸಿದರೆ ಆಯಿತು. ವಿಂಡೋಸ್‌ನ ಹೋಮ್ ಆವೃತ್ತಿಯಲ್ಲೂ ನಡೆಯುತ್ತದೆ. ನಾನು "ಮನೆ" ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟು ಉದ್ದನೆಯ ಪಾಸ್‌ವರ್ಡ್ ಕೊಟ್ಟೆ. ಫೋಲ್ಡರಿಗೆ ಆ ಯೂಸರನ್ನು ಸೇರಿಸಿದೆ. ಲ್ಯಾಪ್‌ಟಾಪಿನಲ್ಲಿ ಒಂದು ಸಲ ಹೊಡೆದು ನೆನಪಿಟ್ಟುಕೋ ಅಂದೆ. ಅಲ್ಲಿಂದ ಮುಂದೆ ಪಾಸ್‌ವರ್ಡ್ ಕೇಳುವ ಡಬ್ಬಿ ಕಾಣಿಸಿಕೊಂಡಿಲ್ಲ.

ಪಾಸ್‌ವರ್ಡ್ ರಗಳೆಯೇ ಬೇಡ ಅಂತ ಪಾಸ್‌ವರ್ಡ್ ಇಲ್ಲದ ಶೇರಿಂಗ್ ಆರಿಸುವವರಿದ್ದಾರೆ. ಇನ್ನೂ ಮುಂದೆ ಹೋಗಿ ಎಸ್‌ಎಂಬಿ 1 ಆನ್ ಮಾಡಿ ಅನ್ನುವ ಸಲಹೆಯೂ ಓಡಾಡುತ್ತಿದೆ. ದಯವಿಟ್ಟು ಬೇಡ. ಎಸ್‌ಎಂಬಿ ಅಂದರೆ ವಿಂಡೋಸ್ ಫೈಲ್ ಹಂಚುವಾಗ ಆಡುವ ಭಾಷೆ. ಅದರ ಮೊದಲ ಆವೃತ್ತಿಯ ಬಿರುಕಿನಿಂದಲೇ 2017ರ ಮೇ ತಿಂಗಳಲ್ಲಿ ವಾನಾಕ್ರೈ ಪ್ರಪಂಚದ ತುಂಬ ಕಂಪ್ಯೂಟರುಗಳಿಗೆ ಬೀಗ ಹಾಕಿ ಹಣ ಕೇಳಿದ್ದು. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರಿಂದ ಅದನ್ನು ಹೊಸದಾಗಿ ಹಾಕುವಾಗ ಸೇರಿಸೋದನ್ನೇ ನಿಲ್ಲಿಸಿದರು. ನಿಮ್ಮ ಹಳೇ ರೂಟರೋ, ಟಿವಿ ಡಬ್ಬಿಯೋ ಅದನ್ನೇ ಕೇಳುತ್ತಿದ್ದರೆ ಅದನ್ನು ಹೊರಗಿಡಿ, ಕಂಪ್ಯೂಟರಿನ ಬಾಗಿಲು ತೆಗೆಯಬೇಡಿ.

ಎಕ್ಸ್‌ಪ್ಲೋರರಿನ "ನೆಟ್‌ವರ್ಕ್" ಪಟ್ಟಿಯನ್ನು ನಂಬಬೇಡಿ. ಒಂದು ದಿನ ಕಂಪ್ಯೂಟರ್ ಅಲ್ಲಿ ಕಾಣುತ್ತದೆ, ಮರುದಿನ ಇಲ್ಲ. ಅಡ್ರೆಸ್ ಬಾರಿನಲ್ಲಿ ನೇರವಾಗಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ \\192.168.1.10 ಥರ ಅಡ್ರೆಸ್ ಹೊಡೆಯಿರಿ. ರೂಟರಿನ ಪೇಜಿಗೆ ಹೋಗಿ ಆ ಡೆಸ್ಕ್‌ಟಾಪಿಗೆ ಆ ಅಡ್ರೆಸ್ಸನ್ನೇ ರಿಸರ್ವ್ ಮಾಡಿಬಿಟ್ಟರೆ ಅದು ಬದಲಾಗೋದಿಲ್ಲ. ಆಮೇಲೆ ಮ್ಯಾಪ್ ನೆಟ್‌ವರ್ಕ್ ಡ್ರೈವ್ ಮಾಡಿ ಒಂದು ಅಕ್ಷರ ಕೊಡಿ, ಮನೆಯವರಿಗೆ ಅದು ಬರೀ ಇನ್ನೊಂದು ಡ್ರೈವ್. ಫೈಲ್ ಇರುವ ಕಂಪ್ಯೂಟರ್ ನಿದ್ದೆಗೆ ಜಾರಿದರೆ ಫೋಲ್ಡರೂ ಜಾರುತ್ತದೆ. ಈ ದಾರಿಯ ದೊಡ್ಡ ಕೊರತೆ ಅದೇ. ಆ ಕಂಪ್ಯೂಟರಿನ ಸ್ಲೀಪ್ ಆಫ್ ಮಾಡಬೇಕು, ಇಲ್ಲವೇ ಕೆಳಗೆ ಹೋಗಿ ಎಬ್ಬಿಸಬೇಕು.

ಮ್ಯಾಕ್ ಇದ್ದರೂ ಇದೇ ದಾರಿ. 2013ರಿಂದ ಆಪಲ್ ಕೂಡ ಎಸ್‌ಎಂಬಿಯನ್ನೇ ಮೊದಲ ಆಯ್ಕೆ ಮಾಡಿಕೊಂಡಿದೆ. ಮ್ಯಾಕ್‌ನ ಫೋಲ್ಡರ್ ವಿಂಡೋಸ್‌ನಲ್ಲಿ ತೆರೆಯಬೇಕಾದರೆ ಫೈಲ್ ಶೇರಿಂಗ್‌ನ ಆಪ್ಷನ್ಸ್‌ನಲ್ಲಿ ನಿಮ್ಮ ಯೂಸರ್ ಹೆಸರಿನ ಮುಂದೆ ಟಿಕ್ ಹಾಕಬೇಕು. ಆ ಟಿಕ್ ಹಾಕದೆ ಪಾಸ್‌ವರ್ಡ್ ತಪ್ಪು ಅಂತ ಒದ್ದಾಡೋರೇ ಜಾಸ್ತಿ. ಲಿನಕ್ಸ್‌ಗೆ ಅದೇ ಎಸ್‌ಎಂಬಿ ಭಾಷೆ ಆಡುವ ಸಾಂಬಾ ಇದೆ. ಹೆಸರು ಕೇಳಿ ನಮಗೆ ಸಾಂಬಸದಾಶಿವ ನೆನಪಾಗಬಹುದು, ಆದರೆ ಅದನ್ನು ಬರೆದ ಆಂಡ್ರ್ಯೂ ಟ್ರಿಡ್ಜೆಲ್‌ಗೆ ಎಸ್, ಎಂ, ಬಿ ಮೂರೂ ಅಕ್ಷರ ಇರುವ ಪದ ಹುಡುಕುವಾಗ ಸಿಕ್ಕಿದ ಹೆಸರದು.

ಸಣ್ಣ ಸಣ್ಣ ಫೈಲ್ ಸಾವಿರಗಟ್ಟಲೆ ಇದ್ದರೆ ಯಾವ ದಾರಿಯಲ್ಲೂ ವೇಗ ಕುಸಿಯುತ್ತದೆ. ಒಂದು 7 ಜಿಬಿ ವಿಡಿಯೋಗಿಂತ 7 ಜಿಬಿಯ ಸಾವಿರಾರು ಫೋಟೋ ನಿಧಾನ. ಪ್ರತಿ ಫೈಲಿಗೂ ಎರಡು ಕಂಪ್ಯೂಟರ್ ನಡುವೆ ಬೇರೆ ಮಾತುಕತೆ ನಡೆಯಬೇಕು. ಜಿಪ್ ಮಾಡಿ ಒಂದೇ ಗಂಟು ಕಟ್ಟಿ ಕಳಿಸಿ. ಕಾಪಿ ನಡುವೆ ನಿಂತರೆ ಮುಂದುವರಿಸುವ ಸೌಕರ್ಯ ಬೇಕಿದ್ದರೆ ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಇದೆ. ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿಗೆ ಹೆದರದವರು ಕಲಿತುಕೊಳ್ಳಿ. ಲಿನಕ್ಸ್, ಮ್ಯಾಕ್‌ನವರಿಗೆ ಆ ಜಾಗದಲ್ಲಿ ಆರ್‌ಸಿಂಕ್.

ಎರಡೂ ಕಡೆ ಒಂದೇ ಥರ ಇರಬೇಕೆಂದರೆ: ಸಿಂಕ್‌ಥಿಂಗ್

ನಾನು ಲ್ಯಾಪ್‌ಟಾಪ್ ಹೊತ್ತುಕೊಂಡು ಆಫೀಸಿಗೂ ಹೋಗುತ್ತೇನೆ. ಆಗ ಕೆಳಗಿನ ಡೆಸ್ಕ್‌ಟಾಪಿನ ಫೋಲ್ಡರ್ ನನಗೆ ಸಿಗೋದಿಲ್ಲ. ಕೆಲವು ಫೈಲುಗಳು ನನ್ನ ಜೊತೆಗೂ ಬರಬೇಕು, ಅಪ್ಪನ ಹತ್ತಿರವೂ ಇರಬೇಕು. ಇದು ಮೂರನೇ ಥರದ ಕೆಲಸ, ಇದಕ್ಕೆ ಸಿಂಕ್‌ಥಿಂಗ್. ಇದೂ ಉಚಿತ, ಓಪನ್ ಸೋರ್ಸ್. ನಡುವೆ ಫೈಲ್ ಇಟ್ಟುಕೊಳ್ಳುವ ಯಾವ ಸರ್ವರೂ ಇಲ್ಲ. ಎರಡೂ ಕಂಪ್ಯೂಟರ್ ಒಂದರ ಉದ್ದನೆಯ ಗುರುತಿನ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಟ್ಟು ಒಪ್ಪಿಸಬೇಕು. ಆಮೇಲೆ ಮರೆತುಬಿಡಬಹುದು. ಸಂಜೆ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದರೆ ಹಗಲಿನ ಬದಲಾವಣೆ ತಾನಾಗಿ ಕೆಳಗೆ ಹೋಗಿರುತ್ತದೆ.

ಆದರೆ ಇದು ಹೇಳಿದ್ದನ್ನು ಅಕ್ಷರಶಃ ಮಾಡುವ ಆಳು. ಒಂದು ಭಾನುವಾರ ಅಪ್ಪ ಡಿಸ್ಕ್ ತುಂಬಿದೆ ಅಂತ 2019ರ ಊರಿನ ಜಾತ್ರೆ ಫೋಟೋಗಳ ಫೋಲ್ಡರ್ ಅಳಿಸಿದರು. ಹೇಗೂ ಮೇಲೆ ಇನ್ನೊಂದು ಪ್ರತಿ ಇದೆಯಲ್ಲ ಅಂತ ಧೈರ್ಯ. ನಾನು ಕಾಫಿ ಕುಡಿದು ಮೇಲೆ ಬರುವಷ್ಟರಲ್ಲಿ ನನ್ನ ಲ್ಯಾಪ್‌ಟಾಪಿನಲ್ಲೂ ಅದು ಇಲ್ಲ. ಅಳಿಸೋದೂ ಒಂದು ಬದಲಾವಣೆ ತಾನೇ, ಅದನ್ನೂ ಸಿಂಕ್ ಮಾಡಿತ್ತು. ಪುಣ್ಯಕ್ಕೆ ಫೈಲ್ ವರ್ಶನಿಂಗ್ ಅನ್ನೋದನ್ನು ನಾನು ಮೊದಲೇ ಆನ್ ಮಾಡಿದ್ದೆ, ಹಾಗಾಗಿ ಹಳೇ ಪ್ರತಿಗಳು ಒಂದು ಮೂಲೆಯ ಫೋಲ್ಡರಿನಲ್ಲಿ ಕೂತಿದ್ದವು. ಇದು ತಾನಾಗಿ ಆನ್ ಇರೋದಿಲ್ಲ. ಸಿಂಕ್‌ಥಿಂಗ್ ಹಾಕಿದ ದಿನವೇ, ಎರಡೂ ಕಡೆ, ಮೊದಲ ಫೋಲ್ಡರ್ ಸೇರಿಸುವಾಗಲೇ ಆನ್ ಮಾಡಿ. ಇದು ಬ್ಯಾಕಪ್ ಅಲ್ಲ. ಬ್ಯಾಕಪ್‌ಗೆ ಬೀರುವಿನಲ್ಲಿ ಇಡುವ ಬೇರೆ ಹಾರ್ಡ್ ಡಿಸ್ಕ್ ಬೇಕು.

ಇನ್ನೊಂದು ಎಚ್ಚರ. ಇಬ್ಬರೂ ಒಂದೇ ಫೈಲನ್ನು ಒಂದೇ ಹೊತ್ತಿಗೆ ತಿದ್ದಿದರೆ ಇಲ್ಲಿ ಬೀಗ ಇಲ್ಲ. ಒಬ್ಬರ ಪ್ರತಿ ಉಳಿಯುತ್ತದೆ, ಇನ್ನೊಬ್ಬರದ್ದು ಹೆಸರಿನಲ್ಲಿ "ಸಿಂಕ್ ಕಾನ್ಫ್ಲಿಕ್ಟ್" ಅಂತ ಸೇರಿಸಿಕೊಂಡು ಪಕ್ಕದಲ್ಲಿ ಕೂರುತ್ತದೆ. ಯಾವುದು ಸರಿ ಅಂತ ನೀವೇ ಕೂತು ನೋಡಬೇಕು. ಅಂಗಡಿ ಲೆಕ್ಕ, ಟ್ಯಾಲಿಯಂಥ ಸಾಫ್ಟ್‌ವೇರಿನ ಡೇಟಾ ಫೋಲ್ಡರನ್ನು ಇದರೊಳಗೆ ಹಾಕಲೇಬೇಡಿ. ಅವು ಹಿಂದಿನ ಭಾಗದ ಹಂಚಿಕೆ ಫೋಲ್ಡರಿಗೆ ಸೇರಿದವು.

ಉಳಿದವು

ಕೆಲವು ರೂಟರುಗಳ ಬೆನ್ನಲ್ಲಿ ಯುಎಸ್‌ಬಿ ಪೋರ್ಟ್ ಇರುತ್ತದೆ. ಹಾರ್ಡ್ ಡಿಸ್ಕ್ ಚುಚ್ಚಿದರೆ ಮನೆಗೆಲ್ಲ ಒಂದೇ ಡಿಸ್ಕ್. ಕೇಳೋಕೆ ಚೆನ್ನಾಗಿದೆ, ಆದರೆ ರೂಟರಿನ ಸಣ್ಣ ತಲೆಗೆ ಅದು ಭಾರ, ವೇಗ ಸಾಲದು, ಮತ್ತು ಕೆಲವು ಇನ್ನೂ ಆ ಎಸ್‌ಎಂಬಿ 1ರಲ್ಲೇ ಮಾತಾಡುತ್ತವೆ. ಹಾಡು ಕೇಳಲು, ಸಿನಿಮಾ ನೋಡಲು ಸರಿ.

ನ್ಯಾಸ್ ಅಂತ ಫೈಲ್ ಇಡೋದಕ್ಕೇ ಇರುವ ಡಬ್ಬಿ ಬರುತ್ತದೆ, ಇಪ್ಪತ್ನಾಲ್ಕು ಗಂಟೆ ಎಚ್ಚರ ಇರುತ್ತದೆ. ಚೆನ್ನಾಗಿದೆ. ಡಿಸ್ಕ್ ಬೇರೆ ಕೊಳ್ಳಬೇಕು. ಬರೀ ಎರಡು ಕಂಪ್ಯೂಟರಿಗೆ ಅಷ್ಟು ಖರ್ಚು ನನಗಂತೂ ಒಪ್ಪಲಿಲ್ಲ. ಮನೆಯಲ್ಲಿ ನಾಲ್ಕೈದು ಜನ, ಫೋನುಗಳ ಫೋಟೋ ಎಲ್ಲ ಒಂದು ಕಡೆ ಬೀಳಬೇಕು ಅಂದಾಗ ಯೋಚಿಸಿ.

ಫೈಲ್ ದಾಟಿದ ಮೇಲೆ ಬರುವ ಒಂದು ಗೊಂದಲ ನಮ್ಮ ಭಾಷೆಯವರದ್ದೇ. ಅಪ್ಪ ಹಳೇ ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಸಂಘದ ವರದಿ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. "ನೆಟ್‌ವರ್ಕಲ್ಲಿ ಬರೋವಾಗ ಕೆಟ್ಟಿರಬೇಕು, ಪೆನ್‌ಡ್ರೈವಲ್ಲೇ ಕೊಡ್ತೀನಿ ತಾಳು," ಅಂದರು. ಫೈಲ್ ಕೆಟ್ಟಿರಲಿಲ್ಲ. ಹಳೇ ನುಡಿ, ಬರಹ ಫಾಂಟುಗಳು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ, ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ಗೊತ್ತಾಗೋದಿಲ್ಲ. ಫಾಂಟ್ ಹಾಕಿಕೊಳ್ಳಿ, ಅಥವಾ ಯೂನಿಕೋಡಿಗೆ ಪರಿವರ್ತಿಸಿ. ಯಾವ ದಾರಿಯಲ್ಲಿ ತಂದರೂ ಅದು ಹಾಗೇ ಇರುತ್ತದೆ.

ಹಳೇ ಕಂಪ್ಯೂಟರ್ ಆನ್ ಆಗುತ್ತಲೇ ಇಲ್ಲ ಅಂದರೆ ನೆಟ್‌ವರ್ಕಿನ ಮಾತೇ ಇಲ್ಲ. ಡಿಸ್ಕ್ ಬಿಚ್ಚಿ ಯುಎಸ್‌ಬಿ ಕೇಸಿಗೆ ಹಾಕಿ ಹೊಸದಕ್ಕೆ ಚುಚ್ಚಿ. ಇತ್ತೀಚಿನ ವಿಂಡೋಸ್ ಲ್ಯಾಪ್‌ಟಾಪ್ ಆಗಿದ್ದರೆ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇರುವ ಸಾಧ್ಯತೆ ಇದೆ, 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ. ಕಂಪ್ಯೂಟರ್ ಚೆನ್ನಾಗಿರುವಾಗಲೇ ಅದನ್ನು ನೋಡಿ ಒಂದು ಹಾಳೆಯಲ್ಲಿ ಬರೆದಿಡಿ. ನಮ್ಮ ಮನೆಯದ್ದು ಗ್ಯಾಸ್ ಬುಕ್ಕಿನೊಳಗೆ ಇದೆ.